ಊಜಿ ನೊಣಕ್ಕೆ ದಿನ ಎಣಿಸಿ ಕಾಯಬೇಕು

ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣ ಬಾರದ ಹಾಗೆ ಏನು ಮಾಡಬೇಕು ಅಂತ ನಮ್ಮ ಕಡೆ ಯಾರನ್ನು ಕೇಳಿದರೂ "ಪರದೆ ಕಟ್ಟಿ" ಅನ್ನುತ್ತಾರೆ. ಸರಿಯಾದ ಮಾತೇ. ನಾನೂ ಕಟ್ಟಿದ್ದೆ. ಆದರೂ 2019ರ ಶ್ರಾವಣದ ಬೆಳೆಯಲ್ಲಿ 150 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲಾ ಸೇರಿಸಿ ನಾವು ಒಂದು ಮೊಟ್ಟೆ ಅನ್ನುತ್ತೇವೆ) ಹುಳುವಿಗೆ ನೂರು ಕಿಲೋ ಗೂಡು ಬರುತ್ತೆ ಅಂತ ಲೆಕ್ಕ ಹಾಕಿ ಕೂತಿದ್ದವಳಿಗೆ ಒಳ್ಳೆಯ ಗೂಡು ಸಿಕ್ಕಿದ್ದು 71 ಕಿಲೋ. ಇನ್ನು 14 ಕಿಲೋ ತೂತು ಬಿದ್ದ ಗೂಡು. ಉಳಿದದ್ದು ಗೂಡು ಕಟ್ಟದೆಯೇ ಸತ್ತ ಹುಳು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನದಿಂದ ಈ ನೊಣದ ಬಗ್ಗೆ ತಿಳಿದುಕೊಳ್ಳಲು ಶುರು ಮಾಡಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಅದರ ಅಂಚಿನಲ್ಲೇ ಶೀಟು ಹಾಕಿದ ಹುಳುಮನೆ. ಎಳೆ ಹುಳು ಸಾಕಿ ಕೊಡುವ ಚಾಕಿ ಸೆಂಟರಿನಿಂದ ಎರಡನೇ ಜ್ವರ ಎದ್ದ ಹುಳು ತರುತ್ತೇವೆ (ಹುಳು ಸೊಪ್ಪು ಬಿಟ್ಟು ಚರ್ಮ ಬದಲಿಸಲು ಕೂರುವುದಕ್ಕೆ ಜ್ವರ ಅನ್ನುತ್ತೇವೆ), ಸ್ಟ್ಯಾಂಡಿನ ಮೇಲೆ ರೆಂಬೆ ಸೊಪ್ಪು ಹಾಕಿ ಸಾಕುತ್ತೇವೆ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕೆಲಸ.

ನಮ್ಮತ್ತೆ ಇನ್ನೂ ಹೇಳುತ್ತಾರೆ, ಅವರು ಸೊಸೆಯಾಗಿ ಬಂದ ಕಾಲದಲ್ಲಿ ಹುಳುವಿಗೆ ಬೇರೆ ಮನೆಯೇ ಇರಲಿಲ್ಲವಂತೆ. ನಡುಮನೆಯಲ್ಲೇ ಬಿದಿರಿನ ತಟ್ಟೆ, ಬಾಗಿಲು ಹಗಲೆಲ್ಲಾ ತೆರೆದೇ ಇರುತ್ತಿತ್ತು. ಇರುವೆಗೆ, ಹಲ್ಲಿಗೆ, ಇಲಿಗೆ ಹೆದರುತ್ತಿದ್ದರೇ ಹೊರತು ನೊಣಕ್ಕಲ್ಲ. ಅವರ ಮಾತು ನಿಜ. ಊಜಿ ನಮ್ಮ ನಾಡಿನದಲ್ಲ. ಅದು ಬಂಗಾಳದ ಕಡೆ ಮೊದಲಿನಿಂದಲೂ ಇದ್ದ ನೊಣ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಗೊತ್ತಾಗದ ಹಾಗೆ ಕರ್ನಾಟಕಕ್ಕೆ ಬಂತು. ಇಲ್ಲಿ ವರ್ಷವಿಡೀ ಹುಳು ಸಾಕುತ್ತಾರೆ. ಒಂದು ಮನೆಯಲ್ಲಿ ಗೂಡು ಬಿಡಿಸುವಾಗ ಪಕ್ಕದ ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿರುತ್ತೆ. ನೊಣಕ್ಕೆ ಇನ್ನೇನು ಬೇಕು? ಕೆಲವೇ ವರ್ಷಗಳಲ್ಲಿ ರೇಷ್ಮೆ ಇರುವ ಕಡೆಯೆಲ್ಲಾ ಹರಡಿತು. ಅತ್ತೆ ಆಗಿನಿಂದ ಹಳೆಯ ಸೀರೆ ಹರಿದು ಕಿಟಕಿಗೆ ಕಟ್ಟಲು ಶುರು ಮಾಡಿದರಂತೆ.

ಈ ನೊಣಕ್ಕೆ ವಿಜ್ಞಾನದವರು ಇಟ್ಟಿರುವ ಹೆಸರು ಎಕ್ಸೋರಿಸ್ಟಾ ಬಾಂಬಿಸಿಸ್. 'ಊಜಿ' ಅನ್ನುವುದು ಜಪಾನಿನಿಂದ ಬಂದ ಮಾತು. ಅಲ್ಲಿ 'ಉಜಿ' ಅಂದರೆ ನೊಣದ ಮರಿಹುಳ. ಟ್ಯಾಕಿನಿಡ್ ಅನ್ನುವ ದೊಡ್ಡ ಕುಟುಂಬಕ್ಕೆ ಸೇರಿದ್ದು ಇದು, ಆ ಕುಟುಂಬದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಜಾತಿಗಳಿವೆ. ಎಲ್ಲವೂ ಬೇರೆ ಹುಳದ ಮೈಯಲ್ಲಿ ಬೆಳೆಯುವಂಥವು. ಎಲ್ಲವೂ ರೈತನ ಶತ್ರುಗಳಲ್ಲ. ಕಬ್ಬಿನ ಕಾಂಡ ಕೊರೆಯುವ ಹುಳುವನ್ನು ಕೊಲ್ಲಲು ಇದೇ ಕುಟುಂಬದ ಸ್ಟರ್ಮಿಯಾಪ್ಸಿಸ್ ಅನ್ನುವ ನೊಣವನ್ನು ಬಿಡುತ್ತಾರೆ. ಮಂಡ್ಯ ಕಡೆಯ ಕಬ್ಬಿನವರಿಗೆ ಇದರ ಬಳಗ ನೆಂಟ, ನಮಗೆ ಮಾತ್ರ ಕಳ್ಳ.

ಮೊದಲು ನೊಣವನ್ನು ಗುರುತು ಹಿಡಿಯಿರಿ

ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ ಇದ್ದರೆ ಊಜಿ ಅಂತ ಹೇಳಿಕೊಡುತ್ತಾರೆ. ಗೆರೆ ಇರುವುದು ನಿಜ, ಆದರೆ ಅದೊಂದನ್ನೇ ನಂಬಬೇಡಿ. ಮನೆ ನೊಣಕ್ಕೂ ಬೆನ್ನ ಮೇಲೆ ನಾಲ್ಕು ಗೆರೆ ಇರುತ್ತೆ. ನಾನು ಮೊದಲು ಅದನ್ನೇ ನೋಡಿ ಹೆದರಿ ಎಷ್ಟೋ ಸಲ ಸುಮ್ನೆ ಓಡಾಡಿದ್ದೇನೆ. ನೋಡಬೇಕಾದ್ದು ಗಾತ್ರ ಮತ್ತು ಹೊಟ್ಟೆ. ಊಜಿ ಮನೆ ನೊಣಕ್ಕಿಂತ ದೊಡ್ಡದು, 10ರಿಂದ 12 ಮಿಲಿಮೀಟರ್ ಉದ್ದ. ಬೂದಿ ಮಿಶ್ರಿತ ಕಪ್ಪು ಬಣ್ಣ. ಹೊಟ್ಟೆ ಹಿಂದಕ್ಕೆ ಚೂಪಾಗುತ್ತಾ ಹೋಗುತ್ತೆ, ಅದರ ಮೇಲೆ ಗಟ್ಟಿ ಕೂದಲು ಮುಳ್ಳಿನ ಹಾಗೆ ನಿಂತಿರುತ್ತೆ. ಗಂಡು ಹೆಣ್ಣಿಗಿಂತ ಸ್ವಲ್ಪ ಉದ್ದ.

ಇದು ನಮ್ಮನ್ನು ಕಚ್ಚುವುದಿಲ್ಲ. ಹುಳುವನ್ನೂ ಕಚ್ಚುವುದಿಲ್ಲ. ಹೆಣ್ಣು ನೊಣ ಹುಳುವಿನ ವಾಸನೆ ಹಿಡಿದು ಬರುತ್ತೆ. ಹುಳುವಿನ ಮೇಲೆ ಕೂತು, ಹಿಂಭಾಗ ಬಗ್ಗಿಸಿ, ಒಂದು ಮೊಟ್ಟೆ ಅಂಟಿಸಿ ಎದ್ದುಬಿಡುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಹುಳು ತಲೆ ಕೊಡವುತ್ತೆ, ಅಷ್ಟೇ. ಒಂದು ಹುಳುವಿಗೆ ಒಂದೋ ಎರಡೋ ಮೊಟ್ಟೆ ಇಟ್ಟು ಮುಂದಿನ ಹುಳುವಿಗೆ ಹೋಗುತ್ತೆ. ಒಂದು ಹೆಣ್ಣು ತನ್ನ ಬದುಕಿನಲ್ಲಿ ನೂರಾರು ಮೊಟ್ಟೆ ಇಡುತ್ತೆ. ಒಂದೇ ಒಂದು ನೊಣ ಒಳಗೆ ಬಂದರೆ ಎಷ್ಟು ಹುಳು ಹೋಗುತ್ತೆ ಅಂತ ನೀವೇ ಲೆಕ್ಕ ಹಾಕಿ. "ಒಂದು ನೊಣ ತಾನೇ" ಅನ್ನುವ ಮಾತು ನಮ್ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ಊಜಿ ಸೊಪ್ಪಿನಲ್ಲಿ ಬರುತ್ತೆ, ಸೊಪ್ಪಿನ ಮೇಲೆ ಮೊಟ್ಟೆ ಇರುತ್ತೆ ಅಂತ ನಮ್ಮೂರಿನಲ್ಲಿ ಬಹಳ ಜನ ನಂಬಿದ್ದಾರೆ. ಜಪಾನಿನ ಊಜಿ ಹಾಗೆ ಮಾಡುತ್ತೆ. ಅದು ಬೇರೆಯೇ ಜಾತಿ. ಧೂಳಿನಂಥ ಮೊಟ್ಟೆಗಳನ್ನು ಹಿಪ್ಪುನೇರಳೆ ಎಲೆಗೆ ಅಂಟಿಸುತ್ತೆ, ಹುಳು ಎಲೆಯ ಜೊತೆ ಅದನ್ನೂ ತಿನ್ನುತ್ತೆ. ನಮ್ಮ ಊಜಿ ಮೊಟ್ಟೆ ಇಡುವುದು ಹುಳುವಿನ ಮೈಮೇಲೆಯೇ. ಹಾಗಾಗಿ ಸೊಪ್ಪು ತೊಳೆದು ಹಾಕಿದರೆ ಊಜಿ ತಪ್ಪುವುದಿಲ್ಲ. ಸೊಪ್ಪಿನಿಂದ ಅಪಾಯ ಇರುವುದು ಇನ್ನೊಂದು ರೀತಿಯಲ್ಲಿ: ರೆಂಬೆಯ ಕಟ್ಟಿನ ನಡುವೆ ನೊಣವೇ ಕೂತು ಒಳಗೆ ಬಂದುಬಿಡುತ್ತೆ. ಕಟ್ಟನ್ನು ಹೊರಗೆ ಎರಡು ಸಲ ಜೋರಾಗಿ ಒದರಿ ಆಮೇಲೆ ಒಳಗೆ ತನ್ನಿ.

ಹುಳುವಿನ ಮೈ ಓದುವುದು

ಸೊಪ್ಪು ಹಾಕುವ ಮುಂಚೆ ಮೊಬೈಲ್ ಟಾರ್ಚ್ ಹಾಕಿಕೊಂಡು ಐದಾರು ಕಡೆ ಹುಳುಗಳನ್ನು ಹತ್ತಿರದಿಂದ ನೋಡಿ. ಮೊಟ್ಟೆ ಗುಂಡುಪಿನ್ನಿನ ತಲೆಗಿಂತ ಚಿಕ್ಕದು, ಅರ್ಧ ಮಿಲಿಮೀಟರ್ ಅಷ್ಟೇ, ಕೆನೆ ಬಣ್ಣ. ಸುಣ್ಣದ ಪುಡಿ ಉದುರಿಸುವವರು ಅದನ್ನು ಸುಣ್ಣದ ಕಣ ಅಂದುಕೊಳ್ಳುತ್ತಾರೆ. ಬೆರಳಿನಿಂದ ಒರೆಸಿ ನೋಡಿ. ಸುಣ್ಣ ಹೋಗುತ್ತೆ, ಮೊಟ್ಟೆ ಹೋಗುವುದಿಲ್ಲ. ಗೋಂದು ಹಾಕಿದ ಹಾಗೆ ಅಂಟಿರುತ್ತೆ. ಜಾಸ್ತಿ ಇರುವುದು ಮೈಯ ಮಡಿಕೆಗಳ ಹತ್ತಿರ.

ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ಹುಳುವಿನ ಚರ್ಮ ಕೊರೆದು ಒಳಗೆ ಹೋಗುತ್ತೆ. ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತೆ. ಮೊದಲು ಸಾಸಿವೆಗಿಂತ ಚಿಕ್ಕದು, ಆಮೇಲೆ ದೊಡ್ಡದಾಗುತ್ತೆ. ಈ ಕಪ್ಪು ಏಕೆ ಅಂತ ತಿಳಿದಾಗ ನನಗೆ ಹುಳುವಿನ ಮೇಲೆ ಬಹಳ ಕನಿಕರ ಬಂತು. ಹುಳು ಸುಮ್ಮನೆ ಇರುವುದಿಲ್ಲ. ಒಳಗೆ ಬಂದದ್ದನ್ನು ಸುತ್ತುಗಟ್ಟಿ ಮುಚ್ಚಿಹಾಕಲು ಅದರ ಮೈ ಹೆಣಗುತ್ತೆ, ಆ ಹೆಣಗಾಟದ ಗುರುತೇ ಆ ಕಪ್ಪು. ಆದರೆ ಮರಿ ಅದನ್ನೇ ತನಗೆ ಕಿಟಕಿ ಮಾಡಿಕೊಳ್ಳುತ್ತೆ. ಊಜಿ ಮರಿ ಉಸಿರಾಡುವುದು ಹಿಂಭಾಗದಿಂದ. ಹಿಂಭಾಗವನ್ನು ಆ ತೂತಿಗೆ ಹಚ್ಚಿಕೊಂಡು ಹೊರಗಿನ ಗಾಳಿ ಕುಡಿಯುತ್ತಾ, ಬಾಯಿಂದ ಹುಳುವಿನ ಮೈಯೊಳಗಿನ ಕೊಬ್ಬು, ಮಾಂಸ ತಿನ್ನುತ್ತಾ ಐದರಿಂದ ಎಂಟು ದಿನ ಬೆಳೆಯುತ್ತೆ. ಹುಳು ಅಷ್ಟೂ ದಿನ ಸೊಪ್ಪು ತಿನ್ನುತ್ತಲೇ ಇರುತ್ತೆ. ನಾವು ಹಾಕಿದ ಸೊಪ್ಪು ನೊಣ ಬೆಳೆಸುತ್ತಿರುತ್ತೆ.

ಕಪ್ಪು ಚುಕ್ಕೆಯ ಹುಳು ಕಂಡರೆ ಆರಿಸಿ ತೆಗೆದುಬಿಡಿ. ಬದುಕಿಕೊಳ್ಳುತ್ತೆ ಅಂತ ಬಿಡಬೇಡಿ, ಬದುಕುವುದಿಲ್ಲ. ತೋಟಕ್ಕೆ ಎಸೆಯಲೂಬಾರದು. ಸೋಪು ನೀರಿನ ಬಕೆಟ್ಟಿಗೆ ಹಾಕಿ.

ಈಗ ದಿನದ ಲೆಕ್ಕ

ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇದೇ. ಊಜಿಯನ್ನು ಕಣ್ಣಿನಿಂದ ಕಾಯಲು ಆಗುವುದಿಲ್ಲ, ಕ್ಯಾಲೆಂಡರಿನಿಂದ ಕಾಯಬೇಕು.

ಮೊಟ್ಟೆ ಎರಡು ಮೂರು ದಿನ. ಹುಳುವಿನೊಳಗೆ ಮರಿ ಐದರಿಂದ ಎಂಟು ದಿನ. ಆಮೇಲೆ ಹೊರಬಿದ್ದು, ಕತ್ತಲೆಯ ಸಂದಿ ಹುಡುಕಿಕೊಂಡು ಒಂದು ದಿನದೊಳಗೆ ಕೋಶ ಕಟ್ಟುತ್ತೆ. ಕೋಶದಲ್ಲಿ ಹತ್ತರಿಂದ ಹನ್ನೆರಡು ದಿನ. ಆಮೇಲೆ ನೊಣ. ಎಲ್ಲ ಕೂಡಿದರೆ ಮೊಟ್ಟೆಯಿಂದ ನೊಣದವರೆಗೆ ಸುಮಾರು ಮೂರು ವಾರ. ಚಳಿಗಾಲದಲ್ಲಿ ಒಂದೆರಡು ದಿನ ಜಾಸ್ತಿ ಹಿಡಿಯುತ್ತೆ.

ಪುಸ್ತಕದ ಲೆಕ್ಕ ನಮ್ಮ ಮನೆಗೆ ಸರಿಹೊಂದುತ್ತಾ ಅಂತ ನೋಡಲು ಆ ಶ್ರಾವಣದಲ್ಲಿ ಆರು ಮರಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಎರಡು ಬೆರಳಷ್ಟು ಹಸಿ ಮಣ್ಣು ತುಂಬಿ, ಬಾಯಿಗೆ ಬಿಳಿ ಪಂಚೆಯ ಚೂರು ಕಟ್ಟಿದೆ. ಹಳದಿ ಮಿಶ್ರಿತ ಬಿಳಿ ಬಣ್ಣದ, ಕಾಲಿಲ್ಲದ, ದಪ್ಪ ಮರಿಗಳು. ಬಾಟಲಿ ನೆಲಕ್ಕಿಟ್ಟು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಎರಡು ಮಣ್ಣಿನೊಳಗೆ ಹೋಗಿದ್ದವು. ಮರುದಿನ ಬೆಳಿಗ್ಗೆ ಗಾಜಿನ ಪಕ್ಕದಲ್ಲಿದ್ದ ಒಂದು ಕೆಂಪು ಮಿಶ್ರಿತ ಕಂದು ಬಣ್ಣದ ಗಟ್ಟಿ ಕೋಶವಾಗಿತ್ತು, ಹುರಿದ ಕಡಲೆಬೀಜದ ಬಣ್ಣ. ದಿನ ಕಳೆದ ಹಾಗೆ ಬಣ್ಣ ಕಪ್ಪಾಗುತ್ತಾ ಹೋಯಿತು.

ಹನ್ನೊಂದನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಕೋಶದ ತುದಿ ಮುಚ್ಚಳದ ಹಾಗೆ ತೆರೆದುಕೊಂಡಿತು. ನೊಣದ ಹಣೆಯಿಂದ ಒಂದು ಬೆಳ್ಳಗಿನ ಗುಳ್ಳೆ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಆ ಗುಳ್ಳೆಯಿಂದಲೇ ಮುಚ್ಚಳ ತಳ್ಳಿ, ಅದರಿಂದಲೇ ಮಣ್ಣು ಸರಿಸಿಕೊಂಡು ಮೇಲೆ ಬಂತು. ರೆಕ್ಕೆ ಮುದುಡಿದ ಕಾಗದದ ಹಾಗಿತ್ತು. ಸ್ವಲ್ಪ ಹೊತ್ತಿಗೆ ರೆಕ್ಕೆ ಬಿಚ್ಚಿಕೊಂಡಿತು, ಹಣೆಯ ಗುಳ್ಳೆ ಒಳಗೆ ಹೋಗಿ ಗುರುತೇ ಇಲ್ಲದ ಹಾಗಾಯಿತು. ಎರಡು ಬೆರಳು ಮಣ್ಣು ಅದಕ್ಕೆ ಯಾವ ಲೆಕ್ಕಕ್ಕೂ ಇರಲಿಲ್ಲ. ಆರರಲ್ಲಿ ಐದು ಹೊರಬಂದವು. ಐದನ್ನೂ ಬಾಟಲಿ ಸಮೇತ ಸೋಪು ನೀರಿನಲ್ಲಿ ಮುಳುಗಿಸಿದೆ.

ಆವತ್ತು ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿದೆ. ಗೂಡಿನಿಂದ ಮರಿ ಹೊರಬಿದ್ದದ್ದು ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಹಾಕಿದ ನಾಲ್ಕನೇ ದಿನ. ಅಲ್ಲಿಂದ ಎಂಟು ಒಂಬತ್ತು ದಿನ ಹಿಂದಕ್ಕೆ ಹೋದರೆ ನಾಲ್ಕನೇ ಜ್ವರ ಎದ್ದ ಮೂರನೇ ದಿನ. ಆ ದಿನ ಏನಾಗಿತ್ತು ಅಂತ ನೆನಪಾಯಿತು. ಸೊಪ್ಪಿನ ಕಟ್ಟು ಎಳೆಯುವಾಗ ಬಾಗಿಲ ಪರದೆಯ ಕೆಳಮೂಲೆ ಒಂದು ಗೇಣು ಹರಿದಿತ್ತು. ನಾಳೆ ಹೊಲಿಯೋಣ ಅಂತ ಕಲ್ಲು ಒರಗಿಸಿ ಬಿಟ್ಟಿದ್ದೆ. ಹೊಲಿದದ್ದು ಎರಡು ದಿನ ಬಿಟ್ಟು.

ನಿಮ್ಮ ಮನೆಯಲ್ಲಿ ತೂತು ಗೂಡು ಬಂದರೆ ನೀವೂ ಹೀಗೆಯೇ ಹಿಂದಕ್ಕೆ ಎಣಿಸಿ. ನೊಣ ಯಾವ ದಿನ ಬಂತು ಅನ್ನುವುದು ಹೆಚ್ಚುಕಡಿಮೆ ಸಿಕ್ಕೇ ಸಿಗುತ್ತೆ. ದಿನ ಸಿಕ್ಕರೆ ದಾರಿಯೂ ಸಿಗುತ್ತೆ.

ಎಣಿಕೆಯಿಂದ ಇನ್ನೊಂದು ವಿಷಯ ಗೊತ್ತಾಗುತ್ತೆ. ಜ್ವರ ಏಳುವಾಗ ಹುಳು ಹಳೆಯ ಚರ್ಮ ಬಿಡುತ್ತೆ, ಅಲ್ವಾ? ಮೊಟ್ಟೆ ಇನ್ನೂ ಒಡೆದಿಲ್ಲದಿದ್ದರೆ ಚರ್ಮದ ಜೊತೆ ಅದೂ ಹೋಗುತ್ತೆ. ಆದರೆ ನಾಲ್ಕನೇ ಜ್ವರ ಎದ್ದ ಮೇಲೆ ಇನ್ನು ಚರ್ಮ ಬಿಡುವುದಿಲ್ಲ. ಮುಂದಿನ ಏಳೆಂಟು ದಿನ ಇಟ್ಟ ಪ್ರತಿ ಮೊಟ್ಟೆಯೂ ಲೆಕ್ಕಕ್ಕೆ ಬರುತ್ತೆ. ಹುಳು ದೊಡ್ಡದಾಗಿರುತ್ತೆ, ವಾಸನೆ ಜಾಸ್ತಿ, ಸೊಪ್ಪು ಹೊತ್ತು ಒಳಗೆ ಹೊರಗೆ ಓಡಾಟವೂ ಜಾಸ್ತಿ. ಕಾವಲು ಬಿಗಿ ಮಾಡಬೇಕಾದ್ದು ಆಗಲೇ. ಈ ಹಂತದ ಶುರುವಿನಲ್ಲಿ ಅಥವಾ ಅದಕ್ಕೂ ಮುಂಚೆ ಮೊಟ್ಟೆ ಬಿದ್ದ ಹುಳು ಗೂಡು ಕಟ್ಟದೆಯೇ ಸಾಯುತ್ತೆ. ಕೊನೆಯ ದಿನಗಳಲ್ಲಿ ಬಿದ್ದರೆ ಗೂಡು ಕಟ್ಟುತ್ತೆ, ಆಮೇಲೆ ಮರಿ ಗೂಡನ್ನು ತೂತು ಮಾಡಿ ಬರುತ್ತೆ.

ತೂತು ಬಿದ್ದ ಗೂಡಿಗೆ ಬೆಲೆ ಏಕಿಲ್ಲ ಅಂತ ಹೊಸಬರು ಕೇಳುತ್ತಾರೆ. ಗೂಡು ಅಂದರೆ ಒಂದೇ ಎಳೆ, ನೂರಾರು ಮೀಟರ್ ಉದ್ದದ ಒಂದೇ ಎಳೆ. ತೂತು ಬಿದ್ದ ಕಡೆ ಆ ಎಳೆ ಸುತ್ತು ಸುತ್ತಿಗೂ ತುಂಡಾಗಿರುತ್ತೆ. ಬಿಸಿನೀರಿಗೆ ಹಾಕಿದರೆ ನೀರು ತುಂಬಿಕೊಂಡು ಮುಳುಗುತ್ತೆ. ರೀಲರ್‌ಗೆ ಅದರಿಂದ ನೂಲು ತೆಗೆಯಲು ಆಗುವುದಿಲ್ಲ.

ಬಾಗಿಲು

ಕಿಟಕಿಗೆಲ್ಲಾ ನೈಲಾನ್ ಪರದೆ ಹಾಕುವುದು ಎಲ್ಲರಿಗೂ ಗೊತ್ತು. ಶೀಟಿನ ಅಲೆ ಗೋಡೆಯ ಮೇಲೆ ಕೂರುವ ಕಡೆ ಉಳಿಯುವ ಅರ್ಧಚಂದ್ರದ ಸಂದಿಗಳನ್ನು ಮರೆಯುತ್ತಾರೆ. ಅವನ್ನು ಸಿಮೆಂಟಿನಿಂದಲೋ ಪರದೆಯ ತುಂಡಿನಿಂದಲೋ ಮುಚ್ಚಿ. ಮಧ್ಯಾಹ್ನ ಒಳಗೆ ನಿಂತು ಬಾಗಿಲು ಮುಚ್ಚಿಕೊಳ್ಳಿ. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತೋ ಅಲ್ಲೆಲ್ಲಾ ಸೀಮೆಸುಣ್ಣದ ಗುರುತು ಹಾಕಿ. ನಮ್ಮ ಹುಳುಮನೆಯಲ್ಲಿ ಹೀಗೆ ನೋಡಿದಾಗ ಹದಿನೇಳು ಸಂದಿ ಸಿಕ್ಕಿದವು.

ಬಾಗಿಲು ಎರಡಿರಬೇಕು, ನಡುವೆ ಒಂದು ಚಿಕ್ಕ ಕೋಣೆ. ಸೊಪ್ಪಿನ ಕಟ್ಟು ಹೊತ್ತವರು ಆ ಕೋಣೆಯಲ್ಲಿ ನಿಲ್ಲುವಷ್ಟು ಜಾಗ ಇರಲಿ, ಆರು ಅಡಿಯಾದರೂ ಬೇಕು. ಹೊರಬಾಗಿಲು ಮುಚ್ಚಿದ ಮೇಲೆಯೇ ಒಳಬಾಗಿಲು ತೆಗೆಯಬೇಕು. ಕೋಣೆ ಕಿರಿದಾದರೆ ಎರಡೂ ಬಾಗಿಲು ಒಟ್ಟಿಗೆ ತೆರೆದುಕೊಂಡು ಕಟ್ಟಿದ ದುಡ್ಡೆಲ್ಲಾ ವ್ಯರ್ಥ. ಬಾಗಿಲಿಗೆ ಸ್ಪ್ರಿಂಗ್ ಹಾಕಿಸಿ, ತಾನಾಗಿ ಮುಚ್ಚಿಕೊಳ್ಳಲಿ. ಕೂಲಿಯವರಿಗೆ ಬೈದು ಫಲವಿಲ್ಲ. ತಲೆಯ ಮೇಲೆ ಇಪ್ಪತ್ತೈದು ಕಿಲೋ ಇರುವವರಿಗೆ ಬಾಗಿಲು ಮುಚ್ಚಲು ಕೈ ಎಲ್ಲಿರುತ್ತೆ?

ಬೇರೆ ಹುಳುಮನೆ ಕಟ್ಟಲು ಆಗದವರು ಸ್ಟ್ಯಾಂಡಿನ ಸುತ್ತ ಸೊಳ್ಳೆಪರದೆಯ ಹಾಗೆ ನೈಲಾನ್ ಪರದೆ ಇಳಿಬಿಡಬಹುದು. ಕೆಳಅಂಚು ನೆಲಕ್ಕೆ ತಾಗಿ ಒಂದು ಗೇಣು ಜಾಸ್ತಿಯೇ ಬಿದ್ದಿರಲಿ. ಪರದೆ ಹುಳುವಿಗೆ ತಾಗಬಾರದು.

ಔಷಧ, ಬಲೆ, ಕಣಜ

ಊಜಿಸೈಡ್ ಅನ್ನುವ ಔಷಧ ಊಜಿಯ ಮೊಟ್ಟೆಯನ್ನು ಕೊಲ್ಲುತ್ತೆ. ಒಳಗೆ ಹೋದ ಮರಿಯನ್ನು ಕೊಲ್ಲುವುದಿಲ್ಲ. ಇದೊಂದು ತಿಳಿದರೆ ಯಾವಾಗ ಹೊಡೆಯಬೇಕು ಅನ್ನುವುದು ತಾನಾಗಿ ಅರ್ಥವಾಗುತ್ತೆ. ಮೊಟ್ಟೆ ಒಡೆಯುವುದು ಎರಡು ಮೂರು ದಿನಕ್ಕೆ, ಹಾಗಾಗಿ ದಿನ ಬಿಟ್ಟು ದಿನ ಹೊಡೆಯಬೇಕು. ಕಪ್ಪು ಚುಕ್ಕೆ ಕಂಡ ಮೇಲೆ ತಂದು ಹೊಡೆಯುವವರು ತಡವಾಗಿ ಬಂದವರು. ಮೂರನೇ ಜ್ವರ ಎದ್ದಾಗಿನಿಂದ ನಾನು ಶುರು ಮಾಡುತ್ತೇನೆ, ನೊಣ ಕಂಡರೆ ಅದಕ್ಕೂ ಮುಂಚೆ. ಹುಳುವಿನ ಮೈ ತೇವವಾಗುವ ಹಾಗೆ ಹೊಡೆದು, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಿ. ಜ್ವರಕ್ಕೆ ಕೂತ ಹುಳುವಿಗೆ ಹೊಡೆಯಬೇಡಿ. ಎಷ್ಟು ಹುಳುವಿಗೆ ಎಷ್ಟು ಅನ್ನುವುದನ್ನು ಡಬ್ಬಿಯ ಮೇಲೆ ಬರೆದ ಹಾಗೆಯೇ ಮಾಡಿ.

ಮನೆಗೆ ಹೊಡೆಯುವ ನೊಣದ ಔಷಧವನ್ನು, ಸೊಳ್ಳೆ ಬತ್ತಿಯನ್ನು ಹುಳುಮನೆಯ ಹತ್ತಿರವೂ ತರಬೇಡಿ. ನೊಣಕ್ಕಿಂತ ಮುಂಚೆ ಹುಳು ಸಾಯುತ್ತೆ.

ಊಜಿ ಟ್ರ್ಯಾಪ್ ಅಂತ ಮಾತ್ರೆ ಸಿಗುತ್ತೆ. ಒಂದು ಲೀಟರ್ ನೀರಿಗೆ ಒಂದು ಕರಗಿಸಿ ಬಿಳಿ ತಟ್ಟೆಗೆ ಹಾಕಿ, ಕಿಟಕಿಯ ಬಳಿ ಒಳಗೊಂದು ಹೊರಗೊಂದು ಇಡಬೇಕು. ನೊಣ ಬಂದು ಅದರಲ್ಲಿ ಬಿದ್ದು ಸಾಯುತ್ತೆ. ಬಿದ್ದ ನೊಣಗಳನ್ನು ದಿನಾ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ನನ್ನ ಅಭ್ಯಾಸ. ಹೊರಗಿನ ತಟ್ಟೆಯಲ್ಲಿ ಜಾಸ್ತಿ ಬಿದ್ದರೆ ಸುತ್ತಮುತ್ತ ನೊಣ ಎದ್ದಿದೆ ಅಂತ. ಒಳಗಿನ ತಟ್ಟೆಯಲ್ಲಿ ಒಂದೇ ಬಿದ್ದರೂ ಆವತ್ತೇ ಪರದೆಯೆಲ್ಲಾ ಹುಡುಕುತ್ತೇನೆ. ಮಳೆಗಾಲದಲ್ಲಿ ಲೆಕ್ಕ ಏರುತ್ತೆ, ಬೇಸಿಗೆಯಲ್ಲಿ ಇಳಿಯುತ್ತೆ.

ನೊಣದ ಕೋಶದ ಮೇಲೆ ಬದುಕುವ ಒಂದು ಪುಟ್ಟ ಕಣಜವೂ ಇದೆ, ನೆಸೋಲಿಂಕ್ಸ್ ಥೈಮಸ್. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದನ್ನು ಬೆಳೆಸಿ ರೈತರಿಗೆ ಕೊಡುವ ವಿಧಾನ ಮಾಡಿದೆ. ಕಣಜ ಅಂದರೆ ಹೆದರಬೇಡಿ, ಎಳ್ಳಿನ ಕಾಳಿಗಿಂತ ಚಿಕ್ಕದು, ನಮ್ಮನ್ನು ಕಚ್ಚುವುದಿಲ್ಲ. ಹುಳುವಿನ ತಂಟೆಗೂ ಹೋಗುವುದಿಲ್ಲ. ಸಂದಿಯಲ್ಲಿ ಅಡಗಿದ ಊಜಿ ಕೋಶ ಹುಡುಕಿ ಅದರೊಳಗೆ ಮೊಟ್ಟೆ ಇಡುತ್ತೆ. ನೊಣ ಬರಬೇಕಾದ ಕೋಶದಿಂದ ಹತ್ತಾರು ಕಣಜಗಳು ಬರುತ್ತವೆ. ನಮ್ಮ ಪೊರಕೆ ಹೋಗದ ಜಾಗಕ್ಕೆ ಅದು ಹೋಗುತ್ತೆ. ನಾವು 100 ಮೊಟ್ಟೆಗೆ ಎರಡು ಪೊಟ್ಟಣದ ಲೆಕ್ಕದಲ್ಲಿ ತಂದು, ನಾಲ್ಕನೇ ಜ್ವರ ಎದ್ದ ಎರಡನೇ ದಿನ ಸ್ಟ್ಯಾಂಡಿನ ಹತ್ತಿರ ಕಟ್ಟುತ್ತೇವೆ. ಹುಳು ಹಣ್ಣಾಗಿ ಚಂದ್ರಿಕೆಗೆ ಹೋದ ಮೇಲೆ ಪೊಟ್ಟಣವನ್ನೂ ಅಲ್ಲಿಗೆ ಒಯ್ಯುತ್ತೇವೆ. ಗೂಡು ಬಿಡಿಸಿದ ಮೇಲೆ ತಿಪ್ಪೆಯ ಬಳಿ ಇಡುತ್ತೇವೆ. ಪೊಟ್ಟಣವನ್ನು ಮೊದಲೇ ಹೇಳಿಟ್ಟು ತರಿಸಬೇಕು, ಬೇಕಾದಾಗ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.

ಎಲ್ಲರೂ ಮರೆಯುವ ಇಪ್ಪತ್ತು ದಿನ

ಹುಳು ಚಂದ್ರಿಕೆಗೆ ಹಾಕಿದ ಕೂಡಲೇ ಎಲ್ಲರಿಗೂ ಸುಸ್ತು. ಒಂದು ವಾರ ನಿದ್ದೆ ಕೆಟ್ಟಿರುತ್ತೆ. ಬಾಗಿಲು ತೆರೆದಿಟ್ಟು ಮಲಗುತ್ತಾರೆ. ಊಜಿಯ ಮುಂದಿನ ಪೀಳಿಗೆ ತಯಾರಾಗುವುದು ಸರಿಯಾಗಿ ಆಗಲೇ. ಚಂದ್ರಿಕೆಗೆ ಹಾಕಿದ ಎರಡನೇ ದಿನದಿಂದ ಮರಿಗಳು ಹೊರಬಿದ್ದು ನೆಲಕ್ಕೆ ಉದುರುತ್ತವೆ. ಅವಕ್ಕೆ ಬೇಕಾದ್ದು ಕತ್ತಲೆ ಮತ್ತು ಸಂದಿ, ಅಷ್ಟೇ. ಗೋಡೆ ನೆಲ ಸೇರುವ ಬಿರುಕು, ಸ್ಟ್ಯಾಂಡಿನ ಕಾಲಿನ ಬುಡ, ಮೂಲೆಗೆ ಮಡಿಸಿಟ್ಟ ಪೇಪರ್, ಚಾಪೆಯ ಅಡಿ. ಮಣ್ಣಿನ ನೆಲವಾದರೆ ನೆಲದೊಳಗೇ.

ಹಾಗಾಗಿ ಬೆಳೆ ಶುರುವಾಗುವ ಮುಂಚೆಯೇ ಬಿರುಕುಗಳಿಗೆ ಸಿಮೆಂಟು ತುಂಬಿ. ಚಂದ್ರಿಕೆಯ ಅಡಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಮೇಲಕ್ಕೆ ಮಡಿಸಿ, ಮರಿ ಉರುಳಿ ಹೋಗದಿರಲಿ. ಬೆಳಿಗ್ಗೆ ಸಂಜೆ ಎರಡು ಸಲ ಗುಡಿಸಿ. ಗುಡಿಸಿದ್ದನ್ನು ಸೋಪು ನೀರಿಗೆ ಹಾಕಿ, ಲೀಟರಿಗೆ ಐದು ಗ್ರಾಂ ಸೋಪಿನ ಪುಡಿ ಸಾಕು. ಕೋಶ ಸಿಕ್ಕರೆ ಬೆಂಕಿಗೆ. ನಮ್ಮ ಮಗ ಚಿಕ್ಕವನಿದ್ದಾಗ ಹತ್ತು ಕೋಶಕ್ಕೆ ಒಂದು ರೂಪಾಯಿ ಕೊಡುತ್ತೇನೆ ಅಂದಿದ್ದೆ. ಸ್ಟ್ಯಾಂಡಿನ ಪೈಪಿನೊಳಗೆ ಅವು ಸೇರಿಕೊಳ್ಳುತ್ತವೆ ಅಂತ ಕಂಡುಹಿಡಿದವನು ಅವನೇ. ಈಗ ಎಲ್ಲ ಪೈಪಿನ ಬಾಯಿಗೂ ಬಟ್ಟೆ ತುರುಕಿದ್ದೇನೆ.

ಗೂಡನ್ನು ಐದು ಅಥವಾ ಆರನೇ ದಿನ ಬಿಡಿಸಿ, ದ್ವಿತಳಿಯಾದರೆ (ಬಿಳಿ ಗೂಡು ಕಟ್ಟುವ ಬೈವೋಲ್ಟೈನ್ ತಳಿ) ಇನ್ನೊಂದೆರಡು ದಿನ ತಡವಾಗಿ. ತಡೆದಷ್ಟೂ ತೂತು ಗೂಡು ಹೆಚ್ಚುತ್ತೆ ಅಂತ ಬೇಗ ಬಿಡಿಸಿದರೆ ಒಳಗಿನ ಹುಳು ಇನ್ನೂ ಹಸಿ ಇದ್ದು ಗೂಡು ಕೊಳೆಯಾಗುತ್ತೆ. ಅದು ಬೇಡ. ತೂತು ಗೂಡನ್ನು ಬೇರೆ ಆರಿಸಿ, ಒಳ್ಳೆಯದರ ಜೊತೆ ಬೆರೆಸಿ ಮಾರ್ಕೆಟ್ಟಿಗೆ ಒಯ್ಯಬೇಡಿ. ಅದರಿಂದ ರೀಲರ್‌ಗೂ ನಷ್ಟ.

ಬಿಡಿಸಿದ ಮೇಲೆ ಹುಳುಮನೆಯ ಪರದೆ ಬಿಚ್ಚಬೇಡಿ. ಇದು ನಾನು ಕಲಿತದ್ದರಲ್ಲಿ ದೊಡ್ಡದು. ಎಷ್ಟೇ ಗುಡಿಸಿದರೂ ಒಂದಷ್ಟು ಕೋಶ ಉಳಿದಿರುತ್ತವೆ. ಹತ್ತು ಹನ್ನೆರಡು ದಿನಕ್ಕೆ ಅವು ನೊಣವಾಗುತ್ತವೆ. ಪರದೆ ಮುಚ್ಚಿದ್ದು, ಒಳಗೆ ಟ್ರ್ಯಾಪಿನ ತಟ್ಟೆ ಇದ್ದರೆ ಅಲ್ಲೇ ಸಾಯುತ್ತವೆ. ತೆರೆದಿಟ್ಟರೆ ಪಕ್ಕದ ಮನೆಯ ಹುಳುವಿಗೆ ಹೋಗುತ್ತವೆ, ಅಲ್ಲಿಂದ ಮೂರು ವಾರಕ್ಕೆ ನಮ್ಮ ಮನೆಗೇ ವಾಪಸ್ಸು. ಚಂದ್ರಿಕೆಗೆ ಹಾಕಿದ ದಿನದಿಂದ ಇಪ್ಪತ್ತು ದಿನ ತಟ್ಟೆ ತೆಗೆಯಬೇಡಿ. ಬೆಳೆ ಮುಗಿದ ಮೇಲೆ ಹೊಡೆಯುವ ಸೋಂಕು ನಿವಾರಕ ರೋಗಕ್ಕೆ. ಸಂದಿಯಲ್ಲಿ ಗಟ್ಟಿ ಚಿಪ್ಪಿನೊಳಗೆ ಕೂತ ಊಜಿಗೆ ಅದನ್ನೇ ನಂಬಿ ಕೂರಬೇಡಿ.

ಹುಳು ತಿಂದುಳಿದ ರೆಂಬೆ, ಹಿಕ್ಕೆ, ಸತ್ತ ಹುಳು, ಇವೆಲ್ಲದರಲ್ಲೂ ಮರಿ ಇರಬಹುದು. ಹಾಗೇ ತಿಪ್ಪೆಗೆ ಸುರಿದರೆ ತಿಪ್ಪೆಯೇ ನೊಣದ ತೊಟ್ಟಿಲು. ನಾವು ಕಸವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ ಇಪ್ಪತ್ತು ದಿನ ಬಿಡುತ್ತೇವೆ. ನೊಣ ಎದ್ದರೂ ಚೀಲದೊಳಗೇ. ಆಮೇಲೆ ಗುಂಡಿಗೆ ಹಾಕಿ ಗೊಬ್ಬರ ಮಾಡುತ್ತೇವೆ.

ಇದನ್ನು ಒಬ್ಬರೇ ಮಾಡಿದರೆ ಅರ್ಧ ಫಲ. ನಮ್ಮ ಬೀದಿಯಲ್ಲಿ ಹುಳು ಸಾಕುವ ಮನೆ ಏಳಿವೆ. ಎಡಗಡೆ ಮನೆಯ ಅಕ್ಕನಿಗೆ ನನ್ನ ಹಾರ್ಲಿಕ್ಸ್ ಬಾಟಲಿ ತೋರಿಸಿದ್ದೆ, ಅವರು ಬಾಟಲಿಯನ್ನು ತಮ್ಮ ಓರಗಿತ್ತಿಗೆ ತೋರಿಸಿದರು. ಈಗ ಐದು ಮನೆಯವರು ಕಸ ಚೀಲಕ್ಕೆ ಕಟ್ಟುತ್ತಾರೆ. ಉಳಿದ ಎರಡು ಮನೆಯವರು ಜಾಗ ಇಲ್ಲ ಅನ್ನುತ್ತಾರೆ. ನಮ್ಮ ತೋಟದ ಮೂಲೆಯಲ್ಲಿ ಅವರ ಚೀಲ ಇಟ್ಟುಕೊಳ್ಳಿ ಅಂತ ಹೋದ ಬೆಳೆಯಲ್ಲಿ ಹೇಳಿದ್ದೇನೆ.

ಕೊನೆಯದು ಗೂಡು ಒಯ್ಯುವ ಚೀಲ. ಚಂದ್ರಿಕೆಯಲ್ಲಿ ಹೊರಬರದ ಮರಿ ಚೀಲದಲ್ಲಿ ಬರುತ್ತೆ, ಹೊಲಿಗೆಯ ಮೂಲೆಯಲ್ಲಿ ಕೋಶ ಕಟ್ಟುತ್ತೆ. ಮಾರ್ಕೆಟ್ಟಿನಲ್ಲಿ ಬೇರೆಯವರ ಗೂಡಿನಿಂದಲೂ ಸೇರಿಕೊಳ್ಳಬಹುದು. ಚೀಲವನ್ನು ಹುಳುಮನೆಯೊಳಗೆ ಮಡಿಸಿಡಬೇಡಿ. ನಾವು ಬಂದ ದಿನವೇ ಅಂಗಳದಲ್ಲಿ ಒಳಮೈ ಹೊರಗೆ ಮಾಡಿ ಒದರಿ, ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ ತಂತಿಯ ಮೇಲೆ ಒಣಗಿಸುತ್ತೇವೆ. ಹೋದ ತಿಂಗಳು ಒಂದೇ ಚೀಲದ ಹೊಲಿಗೆಯಲ್ಲಿ ನಾಲ್ಕು ಕೋಶ ಸಿಕ್ಕಿದವು.